ಕಪಾಲಭಾತಿ, ನಾಡಿಶೋಧನ, ಭ್ರಾಮರಿ: ಹೊಸಬರು ಯಾವುದರಿಂದ ಶುರು ಮಾಡಬೇಕು?

ಉಸಿರಾಟದ ಈ ಮೂರು ಯೋಗಾಭ್ಯಾಸಗಳನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೆ ಒಂದೊಂದನ್ನೇ ಎರಡೆರಡು ವಾರ ಮಾಡಿ ನೋಡಿದೆ. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಹತ್ತು ನಿಮಿಷ.

ಮೊದಲು ಹಿಡಿದದ್ದು ಕಪಾಲಭಾತಿ. ಹೊಟ್ಟೆಯನ್ನು ಪಟ್ಟನೆ ಒಳಗೆಳೆದು ಉಸಿರನ್ನು ಹೊರಗೆ ತಳ್ಳಬೇಕು. ಒಳಗೆ ಬರುವ ಉಸಿರು ತಾನಾಗಿಯೇ ಬರುತ್ತದೆ. ಮೊದಲ ದಿನವೇ ಮೈ ಬಿಸಿಯಾಗಿ, ‘ಏನೋ ಆಯ್ತು’ ಅನಿಸುತ್ತದೆ. ನಾನು ಮೋಸ ಹೋದದ್ದೂ ಅಲ್ಲೇ. ನಾಲ್ಕನೇ ದಿನ ಉಮೇದಿನಲ್ಲಿ ವೇಗ ಹೆಚ್ಚಿಸಿದೆ. ತುಟಿಯ ಸುತ್ತ ಜುಮ್ ಅಂತು, ತಲೆ ಗಿರ್ ಅಂತು, ಗೋಡೆಗೆ ಒರಗಿ ಕೂತೆ. ‘ಶಕ್ತಿ ಏರ್ತಾ ಇದೆ’ ಅಂತ ಖುಷಿ ಬೇರೆ! ಅದು ಶಕ್ತಿಯೂ ಅಲ್ಲ, ಏನೂ ಅಲ್ಲ. ಒಂದೇ ಸಮನೆ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಆಗ ಮೆದುಳಿನ ರಕ್ತನಾಳಗಳು ಕಿರಿದಾಗಿ ತಲೆ ಸುತ್ತುತ್ತದೆ, ಅಷ್ಟೇ.

ಹಾಗೆ ನೋಡಿದರೆ, ಯೋಗದ ಹಳೆಯ ಗ್ರಂಥ ಹಠಯೋಗ ಪ್ರದೀಪಿಕೆಯಲ್ಲಿ ಕಪಾಲಭಾತಿ ಇರುವುದು ಪ್ರಾಣಾಯಾಮಗಳ ಸಾಲಿನಲ್ಲಲ್ಲ. ಧೌತಿ, ನೇತಿಗಳ ಜೊತೆ ಆರು ಶುದ್ಧಿಕ್ರಿಯೆಗಳಲ್ಲಿ ಒಂದಾಗಿ. ಆಮೇಲೆ ಸೆಕೆಂಡಿಗೆ ಒಂದರಂತೆ 20 ಸಲ ಮಾಡಿ ನಿಲ್ಲಿಸತೊಡಗಿದೆ, ತೊಂದರೆ ಆಗಲಿಲ್ಲ. ನಿದ್ದೆಗಣ್ಣು ಬಿಡಿಸಲು ಚೆನ್ನಾಗಿದೆ. ಆದರೆ ಬಿಪಿ ಜಾಸ್ತಿ ಇರುವವರು, ಹೃದಯದ ತೊಂದರೆ ಅಥವಾ ಹರ್ನಿಯಾ ಇರುವವರು, ಗರ್ಭಿಣಿಯರು ಇದರ ತಂಟೆಗೆ ಹೋಗಬಾರದು.

ಮೂಗಿನ ಒಂದು ಹೊಳ್ಳೆಯಿಂದ ಉಸಿರು ಎಳೆದು ಇನ್ನೊಂದರಿಂದ ಬಿಡುವ ನಾಡಿಶೋಧನದ ಕಷ್ಟ ಬೇರೆ ಥರದ್ದು. ಬಲಗೈಯ ತೋರುಬೆರಳು, ನಡುಬೆರಳು ಮಡಚಿ, ಹೆಬ್ಬೆರಳಿನಿಂದ ಬಲ ಹೊಳ್ಳೆ, ಉಂಗುರ ಬೆರಳಿನಿಂದ ಎಡ ಹೊಳ್ಳೆ ಮುಚ್ಚಬೇಕು. ಮೊದಲ ಮೂರು ದಿನ ನನ್ನ ಗಮನವೆಲ್ಲ ‘ಈಗ ಯಾವ ಕಡೆ?’ ಅನ್ನುವುದರಲ್ಲೇ ಹೋಯಿತು. ಆಮೇಲೆ ಒಂದು ಸೂತ್ರ ಹಿಡಿದೆ: ಉಸಿರು ಎಳೆದ ಮೇಲೆ ಬೆರಳು ಬದಲಾಯಿಸು, ಬಿಟ್ಟ ಮೇಲೆ ಬದಲಾಯಿಸಬೇಡ. ಅಲ್ಲಿಗೆ ಗೊಂದಲ ಮುಗಿಯಿತು. ಸೆಕೆಂಡಿಗೆ ಒಂದರಂತೆ ನಾಲ್ಕು ಎಣಿಸುತ್ತಾ ಎಳೆದು, ಆರು ಎಣಿಸುತ್ತಾ ಬಿಟ್ಟರೆ ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಸುಮ್ನೆ ಕೂತಾಗ ನಾವು ಆಡುವುದು 12ರಿಂದ 20. ಐದು ನಿಮಿಷಕ್ಕೇ ಮನಸ್ಸು ಕೆಳಗಿಳಿದು ಕೂತ ಹಾಗಾಗುತ್ತದೆ. ಮೂರರಲ್ಲಿ ದೀರ್ಘಕಾಲಕ್ಕೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಉಸಿರು ಹಿಡಿದಿಡುವ ಕುಂಭಕ ಮಾತ್ರ ಹೊಸಬರಿಗೆ ಬೇಡ. ಯಾವಾಗಲೂ ಒಂದಲ್ಲ ಒಂದು ಹೊಳ್ಳೆ ಸ್ವಲ್ಪ ಬಿಗಿಯಾಗಿದ್ದರೆ ಗಾಬರಿಯೂ ಬೇಡ. ಕೆಲವು ಗಂಟೆಗಳಿಗೊಮ್ಮೆ ಅದು ಪಕ್ಕ ಬದಲಾಯಿಸುತ್ತಿರುತ್ತದೆ.

ನಡುವೆ ಮೂರು ದಿನ, ಗಂಟಲನ್ನು ಸ್ವಲ್ಪ ಬಿಗಿ ಹಿಡಿದು ಸದ್ದು ಬರುವ ಹಾಗೆ ಉಸಿರಾಡುವ ಉಜ್ಜಾಯಿಯನ್ನೂ ಮಾಡಿದೆ. ಗಂಟಲು ಕೆರೆಯಿತು, ಬಿಟ್ಟೆ. ಕಲಿಸುವವರು ಎದುರಿಗೆ ಇದ್ದರೆ ಸರಿ.

ಭ್ರಾಮರಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಿವಿ ಮುಚ್ಚಿ ‘ಮ್ಮ್ಮ್’ ಅನ್ನುವುದರಲ್ಲಿ ಏನಿದೆ ಅಂತ. ತುಟಿ ಸೇರಿರಬೇಕು, ಹಲ್ಲು ಸೇರಬಾರದು. ಸೇರಿದರೆ ಹಲ್ಲಿನ ಬುಡದವರೆಗೂ ನಡುಕ. ಆದರೆ ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಉಸಿರು ಬಿಡುವಾಗ ಅವಸರ ಮಾಡಿದರೆ ಸದ್ದು ಮೊದಲು ಜೋರಾಗಿ, ಆಮೇಲೆ ಬತ್ತಿಹೋಗುತ್ತದೆ. ಎದೆ ಬಿಗಿ ಹಿಡಿದರೆ ಸದ್ದು ನಡುಗುತ್ತದೆ. ಎಲ್ಲಿ ತಪ್ಪಿದೆವು ಅಂತ ನಮ್ಮ ಕಿವಿಗೇ ಗೊತ್ತಾಗುತ್ತದೆ. ಕಪಾಲಭಾತಿಯಲ್ಲಿ ತಪ್ಪು ಗೊತ್ತಾಗಲು ನನಗೆ ತಲೆ ಸುತ್ತಬೇಕಾಯಿತು! ಎಣಿಸುವ ರಗಳೆಯೂ ಇಲ್ಲ. ಸದ್ದು ಇರುವಷ್ಟು ಹೊತ್ತು ಉಸಿರು ಬಿಡುತ್ತಲೇ ಇರುತ್ತೇವೆ, ಹಾಗಾಗಿ ಅದು ತಾನಾಗಿಯೇ ಉದ್ದವಾಗುತ್ತದೆ. ಒಂದೇ ತೊಂದರೆ, ಮನೆಮಂದಿ. ಎರಡನೇ ದಿನ ಪಕ್ಕದ ಕೋಣೆಯಿಂದ, ‘ಎಲ್ಲೋ ಮೊಬೈಲ್ ವೈಬ್ರೇಟ್ ಆಗ್ತಿದೆ ನೋಡು’ ಅಂತ ಕೂಗಿದರು.

ಹೊಸಬರು ಕೇಳಿದರೆ ನಾನು ಭ್ರಾಮರಿಯನ್ನೇ ಹೇಳುತ್ತೇನೆ. ಒಂದು ವಾರ ದಿನಕ್ಕೆ ಐದಾರು ಸಲ, ಆಮೇಲೆ ನಾಡಿಶೋಧನ ಸೇರಿಸಿ. ಸದ್ದು ಎಳೆದು ಎಳೆದು ಉದ್ದ ಉಸಿರು ರೂಢಿಯಾಗಿರುವುದರಿಂದ ಆರರ ಎಣಿಕೆ ಭಾರ ಅನಿಸುವುದಿಲ್ಲ. ನೆಗಡಿಯಾಗಿ ಮೂಗು ಕಟ್ಟಿದ ದಿನ ಮಾತ್ರ ಎರಡನ್ನೂ ಬಿಡಿ. ನಾನು ಹಠಕ್ಕೆ ಬಿದ್ದು ಒಮ್ಮೆ ಮಾಡಿದೆ, ಕಿವಿಯಲ್ಲಿ ಒತ್ತಡ ಬಂದದ್ದು ಬಿಟ್ಟರೆ ಬೇರೇನೂ ಸಿಗಲಿಲ್ಲ.