ಹೆಸರು ಕೂಡಿತೆಂದು ಕಡಲು ದಾಟಬೇಡಿ: ಐರಿಶ್ ವಂಶಾವಳಿ ಹುಡುಕುವವರಿಗೆ

1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆಯಿತು. ಅಲ್ಲಿ ಮೊದಲು ಹೆಸರು ಬರೆಸಿದವಳು ಆ್ಯನಿ ಮೂರ್. ಐರ್ಲೆಂಡಿನ ಕಾರ್ಕ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹುಡುಗಿ, ಇಬ್ಬರು ತಮ್ಮಂದಿರ ಜೊತೆ ಹಡಗಿಳಿದಿದ್ದಳು. ಮುಂದೆ ಟೆಕ್ಸಾಸ್‌ಗೆ ಹೋದಳು, ಅಲ್ಲೇ ಮದುವೆಯಾದಳು, 1923ರಲ್ಲಿ ಟ್ರಾಮ್ ಬಡಿದು ಸತ್ತಳು ಎಂದು ದಶಕಗಟ್ಟಲೆ ಎಲ್ಲರೂ ನಂಬಿದ್ದರು. ಆ ಟೆಕ್ಸಾಸ್ ಮನೆತನದವರನ್ನು ಸಮಾರಂಭಗಳಿಗೂ ಕರೆದು ಕೂರಿಸುತ್ತಿದ್ದರು. 2006ರಲ್ಲಿ ಸಂಶೋಧಕಿ ಮೇಗನ್ ಸ್ಮೊಲೆನ್ಯಾಕ್ ದಾಖಲೆಗಳನ್ನು ಬಿಚ್ಚಿದಾಗ ಕಂಡದ್ದೇ ಬೇರೆ. ಟೆಕ್ಸಾಸಿನ ಆ್ಯನಿ ಹುಟ್ಟಿದ್ದು ಅಮೆರಿಕದ ಇಲಿನಾಯ್‌ನಲ್ಲಿ! ಹಡಗಿನಲ್ಲಿ ಬಂದ ಆ್ಯನಿ ನ್ಯೂಯಾರ್ಕಿನಲ್ಲೇ ಉಳಿದು, 11 ಮಕ್ಕಳನ್ನು ಹೆತ್ತು, 1924ರಲ್ಲಿ ತೀರಿಕೊಂಡು, ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿ ಹೆಸರಿನ ಕಲ್ಲೂ ಇಲ್ಲದೆ ಮಲಗಿದ್ದಳು.

ಇದರಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಮನೆಯಲ್ಲಿ ಕೇಳಿಬಂದ ಕಥೆಗೂ ಹಡಗಿನ ಪಟ್ಟಿಗೂ ಹೆಸರು ಕೂಡಿತು, ಅಷ್ಟಕ್ಕೇ ಗಂಟು ಹಾಕಿದರು. ಈ ನಡುವೆ ನಡೆದ ಅಮೆರಿಕದ ಜನಗಣತಿಯಲ್ಲಿ 'ಹುಟ್ಟಿದ ಸ್ಥಳ' ಎಂಬ ಕಾಲಂ ಇದೆ. ಅದನ್ನು ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇಂದಿನ ವಂಶವೃಕ್ಷದ ಜಾಲತಾಣಗಳಲ್ಲಿ ಇದೇ ತಪ್ಪು ಒಂದು ಕ್ಲಿಕ್ಕಿನಲ್ಲಿ ಆಗುತ್ತದೆ. ತಾಣ ತಾನೇ 'ಇವರೇ ಇರಬಹುದು' ಎಂದು ಸುಳಿವು ಕೊಡುತ್ತದೆ, ನೀವು ಒಪ್ಪುತ್ತೀರಿ, ನಿಮ್ಮಿಂದ ಹತ್ತು ಜನ ನಕಲು ಮಾಡಿಕೊಳ್ಳುತ್ತಾರೆ. ಆಮೇಲೆ ಆ ಹತ್ತು ನಕಲುಗಳೇ ಹತ್ತು ಸಾಕ್ಷಿಗಳಂತೆ ಕಾಣತೊಡಗುತ್ತವೆ.

ಐರಿಶ್ ಮನೆತನಗಳಲ್ಲಿ ಈ ಅಪಾಯ ಹೆಚ್ಚು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು, ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು ಇಡುವುದು ಅಲ್ಲಿ ವಾಡಿಕೆ. ನಮ್ಮಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತೇವಲ್ಲ, ಹಾಗೆಯೇ. ಐವರು ಅಣ್ಣತಮ್ಮಂದಿರಿಗೆ ಮಕ್ಕಳಾದರೆ ಒಂದೇ ಊರಲ್ಲಿ ಒಂದೇ ವಯಸ್ಸಿನ ಐದು ಜಾನ್ ಸಲಿವನ್‌ಗಳು ಹುಟ್ಟುತ್ತಾರೆ. 'ಕಾರ್ಕ್ ಕೌಂಟಿಯ ಜಾನ್ ಸಲಿವನ್' ಎಂಬುದು ಗುರುತೇ ಅಲ್ಲ.

ಗುರುತು ಬೇಕಾದರೆ ಟೌನ್‌ಲ್ಯಾಂಡ್ ಬೇಕು. ಅದು ಐರ್ಲೆಂಡಿನ ಅತಿ ಚಿಕ್ಕ ಭೂವಿಭಾಗ. 60 ಸಾವಿರಕ್ಕೂ ಹೆಚ್ಚಿವೆ, ಒಂದೇ ಹೆಸರಿನವೂ ಬೇಕಾದಷ್ಟಿವೆ. ಅದು ಸಿಗುವವರೆಗೆ ಐರ್ಲೆಂಡಿನ ದಾಖಲೆ ಮುಟ್ಟಬೇಡಿ. ಸಿಗುವ ಜಾಗ ಸಾಮಾನ್ಯವಾಗಿ ಅಮೆರಿಕದ ಕಡೆಯೇ. ಆದರೆ ಹೆಚ್ಚಿನವರು ಮೊದಲು ಓಡುವ ಎರಡೂ ಕಡೆ ಅದು ಸಿಗದು: 1890ಕ್ಕಿಂತ ಹಿಂದಿನ ಹಡಗಿನ ಪಟ್ಟಿಗಳಲ್ಲಿ ಹೆಸರು, ವಯಸ್ಸು, ಕಸುಬು, ದೇಶದ ಆಚೆಗೆ ಹೆಚ್ಚೇನೂ ಇರುವುದಿಲ್ಲ, 1906ಕ್ಕಿಂತ ಹಿಂದಿನ ಪೌರತ್ವದ ಕಾಗದಗಳಲ್ಲೂ ಬಹುತೇಕ 'ಐರ್ಲೆಂಡ್' ಎಂದಷ್ಟೇ ಇರುತ್ತದೆ. ಸಮಾಧಿಗಲ್ಲು ನೋಡಿ, ಕೌಂಟಿ ಮತ್ತು ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಎರಡನ್ನೂ ಕೆತ್ತಿಸಿದ ಕಲ್ಲುಗಳು ಎಷ್ಟೋ ಇವೆ. ಕ್ಯಾಥೊಲಿಕ್ ಚರ್ಚಿನ ಮದುವೆ ಪುಸ್ತಕ ಕೇಳಿ. ಮನೆತನ ನ್ಯೂಯಾರ್ಕಿನದಾದರೆ 1850ರಲ್ಲಿ ಶುರುವಾದ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕಿನ ಪುಸ್ತಕಗಳು ಚಿನ್ನದ ಗಣಿ. ಖಾತೆದಾರನೆಂದು ಬೇರೆಯವರು ಬಂದು ದುಡ್ಡು ತೆಗೆಯಬಾರದೆಂದು ಹುಟ್ಟೂರು, ತಂದೆತಾಯಿ, ಒಡಹುಟ್ಟಿದವರ ಹೆಸರುಗಳನ್ನು ಬರೆಸಿಕೊಳ್ಳುತ್ತಿದ್ದರು. ಬಾಸ್ಟನ್ನಿನ 'ಪೈಲಟ್' ಪತ್ರಿಕೆ 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತು ಹಾಕಿತು. ಅವುಗಳಲ್ಲೂ ಹೆಚ್ಚಾಗಿ ಪ್ಯಾರಿಷ್ ಹೆಸರು ಇರುತ್ತದೆ. ನಿಮ್ಮ ಮುತ್ತಜ್ಜನ ಕಾಗದದಲ್ಲಿ ಊರಿಲ್ಲವೆಂದರೆ ಅವನ ತಂಗಿಯ, ಸೋದರಮಾವನ, ಮಗುವಿನ ಜ್ಞಾನಸ್ನಾನಕ್ಕೆ ನಿಂತವರ ಕಾಗದ ಹುಡುಕಿ. ಒಂದೇ ಊರಿನವರು ಒಂದೇ ಬೀದಿಯಲ್ಲಿ ನೆಲೆಸುತ್ತಿದ್ದರು.

ಐರ್ಲೆಂಡಿನ ಕಡೆ ಬಂದ ಮೇಲೆ ಕಾಲು ಜಾರುವ ಜಾಗಗಳು ಬೇರೆ. ಎಲ್ಲರ ಜನನ, ಮರಣ, ವಿವಾಹ ನೋಂದಣಿ ಶುರುವಾದದ್ದು 1864ರಲ್ಲಿ; ಕ್ಯಾಥೊಲಿಕರಲ್ಲದವರ ಮದುವೆಗಳು ಮಾತ್ರ 1845ರಿಂದ. ಅದಕ್ಕೆ ಹಿಂದೆ ಚರ್ಚಿನ ಪುಸ್ತಕಗಳೇ ಗತಿ. ಅವುಗಳಲ್ಲಿ ಎಷ್ಟೋ ಲ್ಯಾಟಿನ್‌ನಲ್ಲಿವೆ: ಜೇಮ್ಸ್ ಅಲ್ಲಿ ಯಾಕೋಬುಸ್, ವಿಲಿಯಂ ಗುಲಿಯೆಲ್ಮುಸ್. ಊರವರ ಬಾಯಲ್ಲಿ ಜೆರೆಮಯಾ ಎಂಬವನು ಡಾರ್ಬಿ, ಬ್ರಿಜೆಟ್ ಎಂಬವಳು ಡೀಲಿಯಾ. ನೋಂದಣಿಗೆ ತಡವಾದರೆ ದಂಡವಿತ್ತು. ಅದನ್ನು ತಪ್ಪಿಸಲು ಹುಟ್ಟಿದ ದಿನವನ್ನೇ ಮುಂದಕ್ಕೆ ಹಾಕಿ ಬರೆಸುತ್ತಿದ್ದರು. ಹಾಗಾಗಿ ಜ್ಞಾನಸ್ನಾನ ಮೊದಲು, ಜನನ ಆಮೇಲೆ ಎಂಬ ದಾಖಲೆ ಸಿಕ್ಕರೆ ಅದನ್ನು ಬೇರೆ ಮಗುವೆಂದು ತಳ್ಳಿಬಿಡಬೇಡಿ. ಚರ್ಚಿನ ತಾರೀಖನ್ನು ಹೆಚ್ಚು ನಂಬಿ. 1901 ಮತ್ತು 1911ರ ಜನಗಣತಿಗಳ ನಡುವೆ ಮುದುಕರ ವಯಸ್ಸು ಹತ್ತರ ಬದಲು ಹದಿನೈದು ಏರಿರುವುದೂ ಉಂಟು. 1909ರಿಂದ 70 ದಾಟಿದವರಿಗೆ ಪಿಂಚಣಿ ಬಂತು ನೋಡಿ! ನೋಂದಣಿ ಜಿಲ್ಲೆಗಳು ಕೌಂಟಿಯ ಗಡಿಯನ್ನೂ ಲೆಕ್ಕಿಸುವುದಿಲ್ಲ: ನ್ಯೂ ರಾಸ್ ಪಟ್ಟಣ ವೆಕ್ಸ್‌ಫರ್ಡ್‌ನಲ್ಲಿದ್ದರೂ ಅದರ ಜಿಲ್ಲೆ ಕಿಲ್ಕೆನಿಗೂ ಚಾಚಿಕೊಂಡಿತ್ತು.

ತೆರಿಗೆಗಾಗಿ ಐರ್ಲೆಂಡಿನ ಜಮೀನು, ಮನೆಗಳಿಗೆ ಬೆಲೆ ಕಟ್ಟಿದ ಗ್ರಿಫಿತ್ ಮೌಲ್ಯಮಾಪನ (1847–1864) ಇನ್ನೊಂದು ಬೋನು. ನಮ್ಮ ಪಹಣಿಯ ಹಾಗೆ ಅದರಲ್ಲಿ ಜಮೀನು ಹಿಡಿದವನ ಹೆಸರು, ಒಡೆಯನ ಹೆಸರು ಇರುತ್ತದೆಯೇ ಹೊರತು ಹೆಂಡತಿ ಮಕ್ಕಳು ಯಾರೂ ಇರುವುದಿಲ್ಲ. ಅದನ್ನು ಕುಟುಂಬದ ಪುರಾವೆಯಾಗಿ ಹಿಡಿಯಬೇಡಿ.

ಅಭ್ಯರ್ಥಿ ಒಬ್ಬ ಸಿಕ್ಕ ಮೇಲೆ ಹೆಚ್ಚಿನವರು ಬಿಡುವ ಕೆಲಸ ಒಂದಿದೆ. ಅವನೇ ನಿಮ್ಮವನು ಎನ್ನುವ ಕಾಗದ ಹುಡುಕುವುದನ್ನು ನಿಲ್ಲಿಸಿ, ಅವನಲ್ಲ ಎನ್ನುವ ಕಾಗದ ಹುಡುಕಿ. ಆ ಮಗು ಐದು ವರ್ಷದೊಳಗೆ ಸತ್ತಿತೇ? ಅದೇ ತಂದೆತಾಯಿಗೆ ಅದೇ ಹೆಸರಿನ ಇನ್ನೊಂದು ಮಗು ಆಮೇಲೆ ಹುಟ್ಟಿದ್ದರೆ ಮೊದಲನೆಯದು ತೀರಿಕೊಂಡಿತೆಂದೇ ಹೆಚ್ಚಾಗಿ ಅರ್ಥ. ಅವನು ಐರ್ಲೆಂಡಿನಲ್ಲೇ ಮದುವೆಯಾಗಿ 1901ರ ಜನಗಣತಿಯಲ್ಲಿ ಅದೇ ಮನೆಯಲ್ಲಿ ಕೂತಿದ್ದಾನೆಯೇ? ಇದಕ್ಕೆ ಬೇಕಾದ್ದೆಲ್ಲ ಬಿಟ್ಟಿ. 1901, 1911ರ ಎರಡೂ ಜನಗಣತಿಗಳು ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿವೆ, ನೋಂದಣಿ ಪುಟಗಳ ಚಿತ್ರಗಳು ಐರಿಶ್‌ಜೀನಿಯಾಲಜಿ ಡಾಟ್ ಐಇಯಲ್ಲಿ, ಸುಮಾರು 1880ರವರೆಗಿನ ಕ್ಯಾಥೊಲಿಕ್ ಪುಸ್ತಕಗಳು ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ.

ಹಾಗಾಗಿ ದುಡ್ಡು ಕೊಡುವ ಮೊದಲು ಯೋಚಿಸಿ. '1922ರಲ್ಲಿ ಎಲ್ಲ ಸುಟ್ಟುಹೋಯಿತು, ನಾವು ಮಾತ್ರ ಹುಡುಕಬಲ್ಲೆವು' ಎನ್ನುವವರು ಅರ್ಧ ಸತ್ಯ ಹೇಳುತ್ತಾರೆ. ಸರ್ಕಾರಿ ದಾಖಲೆಗಳನ್ನು ಇಟ್ಟಿದ್ದ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದ ಬೆಂಕಿಯಲ್ಲಿ 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಮತ್ತು ಚರ್ಚ್ ಆಫ್ ಐರ್ಲೆಂಡಿನ (ಪ್ರೊಟೆಸ್ಟಂಟ್ ಚರ್ಚ್) ಅರ್ಧಕ್ಕೂ ಹೆಚ್ಚು ಪುಸ್ತಕಗಳು ಹೋದವು, ನಿಜ. ಕ್ಯಾಥೊಲಿಕ್ ಪುಸ್ತಕಗಳು ಆ ಕಟ್ಟಡದಲ್ಲಿ ಇರಲೇ ಇಲ್ಲ. ಚೌಕಟ್ಟು ಹಾಕಿಸಿದ 'ನಿಮ್ಮ ಅಡ್ಡಹೆಸರಿನ ಲಾಂಛನ' ಮಾರುವವರಿಂದ ಗೋಡೆಗೆ ಒಂದು ಚಿತ್ರ ಸಿಗುತ್ತದೆ, ವಂಶಾವಳಿ ಸಿಗುವುದಿಲ್ಲ.

ಬೆಂಗಳೂರು ದಂಡಿನಲ್ಲಿದ್ದ ಐರಿಶ್ ಸೈನಿಕನ ವಂಶದವರು ದಾರಿಯನ್ನೇ ತಿರುಗಿಸಿಕೊಳ್ಳಬೇಕು. ಇಲ್ಲಿನ ಜ್ಞಾನಸ್ನಾನ, ಮದುವೆ, ಸಮಾಧಿಯ ವರದಿಗಳು ಮದ್ರಾಸ್ ಪ್ರಾಂತ್ಯದ ಲೆಕ್ಕಕ್ಕೆ ಸೇರಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಎನ್/2 ಸರಣಿಯಲ್ಲಿವೆ. ಅವನು ಬ್ರಿಟಿಷ್ ರೆಜಿಮೆಂಟಿನಿಂದ ಪಿಂಚಣಿ ಪಡೆದವನಾದರೆ ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯೂಓ 97 ಎಂಬ ಸೈನಿಕರ ಕಾಗದಗಳಲ್ಲಿ ಹುಟ್ಟಿದ ಪ್ಯಾರಿಷ್, ಹತ್ತಿರದ ಪಟ್ಟಣ, ಕೌಂಟಿ ಮೂರೂ ಸಿಗುವ ಸಾಧ್ಯತೆಯಿದೆ.

ತಪ್ಪು ಪೂರ್ವಜನನ್ನು ಈಗಾಗಲೇ ಸೇರಿಸಿಬಿಟ್ಟಿದ್ದರೆ ಅವನನ್ನು ಸುಮ್ಮನೆ ಅಳಿಸಬೇಡಿ, ನಾಳೆ ಅದೇ ಸುಳಿವು ಮತ್ತೆ ಬರುತ್ತದೆ. ಕೊಂಡಿ ಬಿಡಿಸಿ, ಯಾವ ದಾಖಲೆಯಿಂದ ಅವನಲ್ಲವೆಂದು ತಿಳಿಯಿತೋ ಅದನ್ನು ತಾರೀಖು ಸಮೇತ ಅಲ್ಲೇ ಟಿಪ್ಪಣಿಯಾಗಿ ಬರೆದಿಡಿ. ನಕಲು ಮಾಡಿಕೊಂಡವರಿಗೆ ಒಂದು ಸಂದೇಶವನ್ನೂ ಕಳಿಸಿ. ಅರ್ಧದಷ್ಟು ಜನ ಉತ್ತರಿಸುವುದಿಲ್ಲ. ಇನ್ನರ್ಧ ಜನ ನಿಮ್ಮ ಮೇಲೇ ಸಿಟ್ಟಾಗುತ್ತಾರೆ, ಪಾಪ, ಅವರೂ ಆ ಮುತ್ತಜ್ಜನನ್ನು ಪ್ರೀತಿಸಲು ಶುರು ಮಾಡಿರುತ್ತಾರೆ.