ಸೌಳು ಮಣ್ಣಿನ ಮಾಳಿಗೆ ಹಾಕುವ ಗೌಂಡಿಗಳು: ಐದಕ್ಕೆ ನಾಲ್ಕೂವರೆ

ರಾಯಚೂರು ಜಿಲ್ಲೆಯ ಮಸ್ಕಿ, ಸಿಂಧನೂರು ಕಡೆ ಹಳೇ ಮಣ್ಣಿನ ಮಾಳಿಗೆ, ಅಂದರೆ ಮಟ್ಟಸವಾದ ಮಣ್ಣಿನ ಚಾವಣಿ, ಇಟ್ಟುಕೊಂಡು ಏನು ಮಾಡೋದು ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ತಾತ ಕಟ್ಟಿಸಿದ ದನದ ಮನೆಗೆ ಈ ಬೇಸಿಗೆಯಲ್ಲಿ ಹೊಸ ಮಾಳಿಗೆ ಹಾಕಿಸಿದೆವು. ಹಾಕಿದ್ದು ಪಕ್ಕದ ಊರಿನ ಒಂದು ಗೌಂಡಿ (ಮನೆ ಕಟ್ಟುವವರ) ತಂಡ.

ಅದು ನಾಲ್ಕು ಅಂಕಣದ ಕಟ್ಟಡ; ಅಂಕಣ ಎಂದರೆ ಎರಡು ತೊಲೆಗಳ ನಡುವಿನ ಜಾಗ. ಕಲ್ಲು-ಮಣ್ಣಿನ ದಪ್ಪ ಗೋಡೆ, ಬೇವಿನ ತೊಲೆ, ಅದರ ಮೇಲೆ ಅಡ್ಡಕ್ಕೆ ಜಾಲಿ ಜಂತಿ, ಒಳಗೆ ಸಾಲಾಗಿ ದನಕ್ಕೆ ಮೇವು ಹಾಕುವ ಗೋದಲಿ. ಜೋಳವೇ ಮುಖ್ಯ ಬೆಳೆಯಾಗಿದ್ದ ಕಾಲದ್ದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತ ಜಾಸ್ತಿಯಾಯಿತು. ಆಮೇಲೆ ಟ್ರ್ಯಾಕ್ಟರ್ ಬಂತು, ಎತ್ತುಗಳು ಹೋದವು. ದನದ ಮನೆಯಲ್ಲಿ ಗೊಬ್ಬರದ ಚೀಲ ಇಟ್ಟರು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲವಲ್ಲ, ಆಗ ಒಂದು ಅಂಕಣ ಕುಸಿಯಿತು.

ಪಟ್ಟಣದ ಒಬ್ಬ ಗುತ್ತಿಗೆದಾರ ನೋಡಿ, ಪೂರ್ತಿ ಕೆಡವಿ ಆರ್‌ಸಿಸಿ (ಕಬ್ಬಿಣ-ಕಾಂಕ್ರೀಟ್) ಹಾಕಿ ಎಂದ. ಊರಿನ ಹುಡುಗರು ಬಿಡಲಿಲ್ಲ. "ಅಕ್ಕಾ, ಕೆಡವಬ್ಯಾಡ್ರಿ. ಕೂರಿಗೆ, ಕುಂಟೆ, ರಂಟಿ, ಹಳೇ ಒಕ್ಕಲುತನದ ಸಾಮಾನೆಲ್ಲಾ ಇಡಾಕ ನಮಗ ಕೊಡ್ರಿ, ನಾವೇ ದುಡೀತೀವಿ" ಎಂದರು. ಹೇಳಿದಂತೆ ದುಡಿದರು ಕೂಡ. ಮಣ್ಣು ಹೊತ್ತರು, ಕಲ್ಲು ಆರಿಸಿದರು, ಕೆಸರು ತುಳಿದರು. ಯಾರೂ ಒಂದು ರೂಪಾಯಿ ಮುಟ್ಟಲಿಲ್ಲ. ಕೂಲಿ ಕೊಟ್ಟಿದ್ದು ಗೌಂಡಿಗಳಿಗೆ ಮಾತ್ರ.

ಈ ತಂಡದ ಹಿರಿಯರ ಕೆಲಸ ನೋಡಿಯೇ ನಾನು ಮೆಚ್ಚಿದ್ದು. ಮೊದಲ ದಿನ ಅವರು ಹೊಸ ಮಣ್ಣಿನ ಮಾತೇ ಎತ್ತಲಿಲ್ಲ. ಉಳಿದ ಮೂರು ಅಂಕಣದ ಮೇಲಿನ ಹಳೇ ಮಣ್ಣನ್ನು ಇಳಿಸಿದರು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇಲೆ ಮೇಲೆ ಮಣ್ಣು ಹಾಕುತ್ತಾ ಹೋದರೆ ಮಾಳಿಗೆ ಭಾರವಾಗುತ್ತದೆ. ದಿನಗಟ್ಟಲೆ ಮಳೆ ಹಿಡಿದರೆ ಆ ಮಣ್ಣು ನೀರು ಕುಡಿದು ಇನ್ನೂ ಭಾರ. ಜಂತಿ ಮುರಿಯೋದು ಆಗಲೇ. ಇಷ್ಟನ್ನು ಬಿಡಿಸಿ ಹೇಳುವ ಗೌಂಡಿಗಳು ಈಗ ಎಷ್ಟು ಜನ ಇದ್ದಾರೆ?

ಹುಳ ಹಿಡಿದ ಜಂತಿ ಬದಲಿಸಿ, ಮೇಲೆ ಕಟ್ಟಿಗೆ ಸೀಳು ಜೋಡಿಸಿ, ಗೆದ್ದಲು ಬರಬಾರದೆಂದು ಬೇವಿನ ಸೊಪ್ಪು ಹರಡಿದರು. ಅದರ ಮೇಲೆ ಹೊಟ್ಟು ಕಲಸಿ ತುಳಿದ ಕೆಂಪು ಮಣ್ಣು. ಎಲ್ಲಕ್ಕಿಂತ ಮೇಲೆ ಸೌಳು. ಹೊಲದಲ್ಲಿ ಬೆಳೆ ಬಾರದ ಆ ಉಪ್ಪು ಮಣ್ಣು ಮಾಳಿಗೆಗೆ ಬಂಗಾರ. ನೀರು ಬಿದ್ದರೆ ಅದರ ಜೇಡಿ ಉಬ್ಬಿ ಸಂದುಗಳನ್ನು ಮುಚ್ಚುತ್ತದೆ, ನೀರು ಕೆಳಗೆ ಇಳಿಯೋದಿಲ್ಲ. ನಮ್ಮ ಎರೆ (ಕಪ್ಪು) ಮಣ್ಣು ಇದಕ್ಕೆ ಆಗೋದಿಲ್ಲ, ಒಣಗಿದರೆ ಬಿರುಕು ಬಿಡುತ್ತದೆ.

ಗೋಡೆಗೆ ಸಿಮೆಂಟ್ ಬಳಿಸೋಣವೇ ಎಂದು ಕೇಳಿದೆ. "ಬ್ಯಾಡವ್ವಾ, ಗ್ವಾಡಿ ಒಳಗೇ ಬೆವೀತದ" ಎಂದರು. ನಿಜ. ಮಣ್ಣಿನ ಗೋಡೆಯ ತೇವ ಹೊರಗೆ ಹೋಗಲು ಸಿಮೆಂಟ್ ದಾರಿ ಕೊಡೋದಿಲ್ಲ, ಕೊನೆಗೆ ಗಿಲಾವು ಹೊಪ್ಪಳಿಕೆಯಾಗಿ ಉದುರುತ್ತದೆ. ನೆನೆಹಾಕಿದ ಸುಣ್ಣದ ಗಾರೆಯನ್ನೇ ಬಳಿದರು. ಈ ಮಳೆಗಾಲದಲ್ಲಿ ಒಳಗೆ ಒಂದು ಹನಿ ಸೋರಿಲ್ಲ. ಮೇ ತಿಂಗಳ ಮಧ್ಯಾಹ್ನ ಒಳಗೆ ಕೂತವರು ಏಳಲು ಮನಸ್ಸು ಮಾಡುತ್ತಿರಲಿಲ್ಲ.

ಅರ್ಧ ಅಂಕ ಕಡಿಮೆ ಮಾಡಿದ್ದು ಮಾಳಿಗೆಯ ನೀರು ಹೊರಗೆ ಬೀಳುವ ತಗಡಿನ ದೋಣಿಗೆ. ಅದನ್ನು ಚಿಕ್ಕದಾಗಿ ಕೂರಿಸಿದ್ದರು, ಜೋರು ಮಳೆಯಲ್ಲಿ ನೀರು ಗೋಡೆ ಮೇಲೆ ಇಳಿಯಿತು. ಹೇಳಿ ಕಳಿಸಿದ್ದಕ್ಕೆ ತಾವೇ ಬಂದು ಉದ್ದ ಮಾಡಿ ಹೋದರು, ಕೂಲಿ ಕೇಳಲಿಲ್ಲ.

ಕರೆಸುವುದಿದ್ದರೆ ಯುಗಾದಿಗೆ ಮುಂಚೆಯೇ ಮಾತಾಡಿ. ಗುತ್ತಿಗೆ ಒಪ್ಪೋದಿಲ್ಲ, ದಿನಗೂಲಿ ಮಾತ್ರ. ಮುಂಗಾರು ಶುರುವಾದರೆ ಯಾರ ಮಾಳಿಗೆಯನ್ನೂ ಬಿಚ್ಚೋದಿಲ್ಲ, ಎಷ್ಟು ಕೊಟ್ಟರೂ. ನಮ್ಮದರಲ್ಲಿ ಬಾಗಿಲಿನ ಚೌಕಟ್ಟು ಇನ್ನೂ ಬಾಕಿ. ಹಳೇ ಚೌಕಟ್ಟನ್ನೇ ಸರಿಮಾಡಿ ಕೂರಿಸುವ ಬಡಿಗೇರರು ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಹುಡುಗರು ಹುಡುಕುತ್ತಿದ್ದಾರೆ.