ಹಳೇ ಸ್ಲ್ಯಾಬ್ ಮನೆಗೆ ಯಾವುದು ತಂಪು? ಸುಣ್ಣ, ಕೂಲ್ ರೂಫ್ ಪೇಂಟ್, ಫಾಲ್ಸ್ ಸೀಲಿಂಗ್, ಎಕ್ಸ್‌ಪಿಎಸ್ ಹಲಗೆ

ಕಲಬುರಗಿಯಲ್ಲಿ 1980ರ ದಶಕದಲ್ಲಿ ಕಟ್ಟಿದ ಮನೆ ನಮ್ಮದು. ಗೋಡೆಗಳು ಶಹಾಬಾದ್ ಕಲ್ಲಿನವು, ಒಳ್ಳೇ ದಪ್ಪ. ಅವುಗಳಿಂದ ತೊಂದರೆ ಇಲ್ಲ. ತೊಂದರೆ ಇರುವುದು ತಲೆಯ ಮೇಲೆ. ಐದಿಂಚಿನ ಆರ್‌ಸಿಸಿ ಸ್ಲ್ಯಾಬು, ಅದರ ಮೇಲೆ ತೆಳ್ಳಗೆ ಸಿಮೆಂಟ್ ಗಾರೆ, ಅಷ್ಟೇ. ಆ ಕಾಲದಲ್ಲಿ ಕಟ್ಟಿದ ಬಹುಪಾಲು ಮನೆಗಳು ಹೀಗೇ ಇವೆ. ಮಣ್ಣಿನ ಮಾಳಿಗೆ ಬಿಟ್ಟು ಕಾಂಕ್ರೀಟಿಗೆ ಬಂದೆವು. ಆ ಮಣ್ಣು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾರಿಗೂ ವಹಿಸಲಿಲ್ಲ.

ನಮ್ಮೂರಿನ ಬಿಸಿಲಿನ ಲೆಕ್ಕವೇ ಬೇರೆ. ಊರು 17 ಡಿಗ್ರಿ ಅಕ್ಷಾಂಶದ ಮೇಲಿದೆ. ಹಾಗಾಗಿ ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೇ ಇರುತ್ತಾನೆ. ಗೋಡೆಗೆ ಬೀಳುವ ಬಿಸಿಲು ಕಮ್ಮಿ, ಛಾವಣಿಗೆ ಬೀಳುವುದು ಜಾಸ್ತಿ. ದುಡ್ಡು ಹಾಕುವುದಿದ್ದರೆ ಮೊದಲು ಮೇಲೆ ಹಾಕಬೇಕು. ಕಿಟಕಿ, ಗೋಡೆ ಎಲ್ಲ ಆಮೇಲೆ.

ನಮ್ಮ ಮನೆಯಲ್ಲಿ ಒಂದೊಂದು ಕೋಣೆಯ ಮೇಲೆ ಒಂದೊಂದು ಉಪಾಯ ಮಾಡಿಸಿದ್ದೇವೆ. ಒಂದು ಕೋಣೆ ಏನೂ ಮಾಡಿಸದೆ ಹಾಗೇ ಇದೆ. ಒಂದೇ ಮನೆ, ಒಂದೇ ಬಿಸಿಲು, ಒಂದೇ ಸ್ಲ್ಯಾಬು ಆದ್ದರಿಂದ ಹೋಲಿಸುವುದು ಸುಲಭ.

ಅಳೆಯುವುದಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಕೋವಿಡ್ ಕಾಲದ ಜ್ವರ ನೋಡುವ ಗನ್ ಇದಕ್ಕೆ ಬರಲ್ಲ. ಅದು ಮೈಯ ಬಿಸಿಯ ಆಚೆಗೆ ತೋರಿಸುವುದಿಲ್ಲ. ಎಲೆಕ್ಟ್ರಿಷಿಯನ್‌ಗಳು ಇಟ್ಟುಕೊಳ್ಳುವಂಥದ್ದು ಬೇಕು. ಎರಡು ಹೊತ್ತಿನ ಅಳತೆ ಮುಖ್ಯ: ಮಧ್ಯಾಹ್ನ ಮೂರಕ್ಕೆ ಛಾವಣಿಯ ಮೇಲೆ, ರಾತ್ರಿ ಹತ್ತಕ್ಕೆ ಒಳಗಿನ ಸೀಲಿಂಗಿಗೆ. ನನ್ನ ಲೆಕ್ಕದಲ್ಲಿ ರಾತ್ರಿಯದೇ ಹೆಚ್ಚು ಮುಖ್ಯ. ಸ್ಲ್ಯಾಬು ಹಗಲೆಲ್ಲ ಬಿಸಿ ಕುಡಿದು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಫ್ಯಾನು ಆ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಮನುಷ್ಯ ಮಲಗುವ ಹೊತ್ತಿಗೆ ತಂಪಾಗದ ಮನೆಗೆ ಯಾವ ಇನ್ಸುಲೇಷನ್ ಮಾಡಿಸಿ ಏನು ಪ್ರಯೋಜನ?

ಏನೂ ಮಾಡಿಸದ ಕೋಣೆ ಮೊದಲು. ಹೊರಗೆ 42 ಡಿಗ್ರಿ ಇರುವ ದಿನ ಬರೀ ಸ್ಲ್ಯಾಬಿನ ಮೇಲ್ಮೈ 60 ದಾಟುತ್ತದೆ. ಬರಿಗಾಲಲ್ಲಿ ನಿಲ್ಲುವ ಮಾತೇ ಇಲ್ಲ. ರಾತ್ರಿ ಹತ್ತಕ್ಕೂ ಒಳಗಿನ ಸೀಲಿಂಗು 40ರ ಆಸುಪಾಸು ಇರುತ್ತದೆ.

ಈಗ ಸುಣ್ಣ. ಚದರ ಅಡಿಗೆ ಕೂಲಿ ಸೇರಿ ಮೂರು ನಾಲ್ಕು ರೂಪಾಯಿಯಲ್ಲಿ ಮುಗಿಯಿತು. ಅದೇ ಮಧ್ಯಾಹ್ನ ಸುಣ್ಣ ಬಳಿದ ಭಾಗ 45ರ ಹತ್ತಿರ ನಿಂತಿತು. ಅಂದರೆ ಗಾಳಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ರಾತ್ರಿ ಸೀಲಿಂಗು 36ರ ಹತ್ತಿರ. ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ಫಲ ಕೊಡುವುದು ಬೇರೆ ಯಾವುದೂ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಆದರೆ ಬಳಿಯುವ ರೀತಿ ಸರಿಯಿರಬೇಕು. ಪುಡಿ ಸುಣ್ಣ ತಂದು ನೀರಿಗೆ ಕಲಸಿ ಬಳಿದರೆ ವಾರದಲ್ಲಿ ಕೈಗೆ ಅಂಟಿ ಬರುತ್ತದೆ. ಹರಳು ಸುಣ್ಣ ತರಬೇಕು. ಕಬ್ಬಿಣದ ಡ್ರಮ್ಮಿನಲ್ಲಿ ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ, ಕಣ್ಣಿಗೆ ಸಿಡಿದರೆ ಅಪಾಯ. ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು, ಅದಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಬೇಕು. ಛಾವಣಿ ಗುಡಿಸಿ ತೊಳೆದು, ಇನ್ನೂ ಹಸಿಯಿರುವಾಗಲೇ, ಸಂಜೆ ಹೊತ್ತು ಬಳಿಯಬೇಕು. ದಪ್ಪಗೆ ಒಂದು ಕೈ ಬೇಡ, ತೆಳ್ಳಗೆ ಮೂರು ಕೈ. ಸುಣ್ಣ ಒಣಗಿ ಗಟ್ಟಿಯಾಗುವುದಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಅದಕ್ಕೆ ತೇವ ಬೇಕು, ಸಮಯ ಬೇಕು. ಮಟಮಟ ಮಧ್ಯಾಹ್ನ ಬಳಿದರೆ ತೇವ ಆರಿಹೋಗಿ ಬರೀ ಪುಡಿ ಉಳಿಯುತ್ತದೆ.

ನಮ್ಮ ಗೌಂಡಿ ಮೊದಲೇ ಹೇಳಿದ್ದ, "ಸರ, ಮಳಿ ಬಂದ್ರ ಹೋಗ್ತದ್ರಿ ಇದು." ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಬಹುಪಾಲು ಕರಗಿ ಹೋಗುತ್ತದೆ. ಪ್ರತಿ ವರ್ಷ ಬಳಿಯಬೇಕು. ಸೋರಿಕೆಗೂ ಇದು ಮದ್ದಲ್ಲ. ಇನ್ನೊಂದು, ಹಗಲು ಮೇಲೆ ಹೋದರೆ ಕಣ್ಣು ಕೋರೈಸುತ್ತದೆ. ಸಂಡಿಗೆ, ಹಪ್ಪಳ ಹಾಕುವ ಹೆಣ್ಣುಮಕ್ಕಳಿಗೆ ಇದು ಕಷ್ಟವೇ.

ಕೂಲ್ ರೂಫ್ ಪೇಂಟು ಅಂದರೆ ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಬಣ್ಣ. ಸುಣ್ಣದ ಕೆಲಸವನ್ನೇ ಹೆಚ್ಚು ಕಾಲ ಮಾಡುತ್ತದೆ. ಹೊಸದಾಗಿ ಬಳಿದಾಗ ಸುಣ್ಣಕ್ಕಿಂತ ಒಂದೆರಡು ಡಿಗ್ರಿ ಕಮ್ಮಿ ತೋರಿಸಿತು. ರಾತ್ರಿ ಸೀಲಿಂಗಿನಲ್ಲಿ ಆ ವ್ಯತ್ಯಾಸ ಮೈಗೆ ಗೊತ್ತಾಗುವಷ್ಟಿಲ್ಲ. ಖರ್ಚು ಚದರ ಅಡಿಗೆ 20 ರೂಪಾಯಿಗೂ ಮೇಲೆ. ಹಾಗಾದರೆ ಯಾಕೆ ಬೇಕು? ಮಳೆಗೆ ಹೋಗುವುದಿಲ್ಲ, ಮತ್ತು ರಬ್ಬರಿನ ಗುಣವಿರುವ ಬಣ್ಣವಾದರೆ ಕೂದಲೆಳೆಯಂಥ ಬಿರುಕುಗಳನ್ನು ಮುಚ್ಚುತ್ತದೆ. ಹಳೇ ಸ್ಲ್ಯಾಬಿಗೆ ಈ ಎರಡನೆಯದು ದೊಡ್ಡ ಲಾಭ.

ಕೊಳ್ಳುವಾಗ "ತಂಪು" ಅನ್ನುವ ಜಾಹೀರಾತಿಗೆ ಬೆಲೆ ಕೊಡಬೇಡಿ. ಎಸ್‌ಆರ್‌ಐ ಎಷ್ಟು ಅಂತ ಕೇಳಿ. ಸೌರ ಪ್ರತಿಫಲನದ ಸೂಚ್ಯಂಕ ಅದು. ಮಾದರಿ ಕಪ್ಪಿಗೆ 0, ಮಾದರಿ ಬಿಳಿಗೆ 100 ಅಂತ ಲೆಕ್ಕ. 100ರ ಹತ್ತಿರ ಅಥವಾ ಮೇಲೆ ಇದ್ದರೆ ಮಾತ್ರ ತೆಗೆದುಕೊಳ್ಳಿ. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿಯನ್ನೇ ತಂದಿದೆ. ನಮ್ಮ ಕಡೆಯ ಊರುಗಳಿಗೂ ಅಂಥದ್ದು ಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಮೇ ತಿಂಗಳಲ್ಲಿ ತಗಡಿನ ಕೆಳಗೆ, ಬರೀ ಸ್ಲ್ಯಾಬಿನ ಕೆಳಗೆ ಮಲಗುವವರು ಇಲ್ಲಿ ಕಮ್ಮಿಯಿಲ್ಲ.

ಸುಣ್ಣಕ್ಕೂ ಪೇಂಟಿಗೂ ಒಂದೇ ಶತ್ರು, ಧೂಳು. ಕರಿ ಮಣ್ಣಿನ ಸೀಮೆ ನಮ್ಮದು. ಬೇಸಿಗೆಯ ಗಾಳಿಗೆ ಬಿಳಿ ಛಾವಣಿ ಬೂದು ಬಣ್ಣಕ್ಕೆ ತಿರುಗುತ್ತದೆ, ಬಿಸಿಯೂ ಏರುತ್ತದೆ. ಹದಿನೈದು ದಿನಕ್ಕೊಮ್ಮೆ ಗುಡಿಸಿ ಒರೆಸಿದರೆ ಮತ್ತೆ ಸರಿಹೋಗುತ್ತದೆ.

ಒಳಗಿನಿಂದ ಮಾಡಿಸುವ ಕೆಲಸ ಫಾಲ್ಸ್ ಸೀಲಿಂಗು. ಎಸಿ ಇರುವ ಕೋಣೆಗೆ ಜಿಪ್ಸಮ್ ಬೋರ್ಡು, ಅದರ ಮೇಲೆ ಎರಡಿಂಚಿನ ರಾಕ್ ವೂಲ್ (ಕಲ್ಲು ಕರಗಿಸಿ ಮಾಡಿದ, ಉಣ್ಣೆಯಂಥ ಹಾಸು) ಹಾಸಿದೆವು. ಚದರ ಅಡಿಗೆ 120 ರೂಪಾಯಿ ಹತ್ತಿರ ಬಿತ್ತು. ಎಸಿ ಹಾಕಿದರೆ ಕೋಣೆ ಬೇಗ ತಣ್ಣಗಾಗುತ್ತದೆ, ಆಫ್ ಮಾಡಿದ ಮೇಲೂ ತಂಪು ನಿಲ್ಲುತ್ತದೆ. ಮೊದಲು 20ಕ್ಕೆ ಇಟ್ಟರೂ ಸೆಕೆ ಅನ್ನುತ್ತಿದ್ದ ಕೋಣೆಯಲ್ಲಿ ಈಗ 26ಕ್ಕೆ ಇಟ್ಟು ಫ್ಯಾನ್ ಹಾಕಿದರೆ ಸಾಕು. ಗೃಹ ಜ್ಯೋತಿ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಆ ಗೆರೆ ದಾಟಿಸುವುದು ಎಸಿಯೇ.

ಇಷ್ಟಾದರೂ ಎಸಿ ಇಲ್ಲದ ಕೋಣೆಗೆ ಇದನ್ನು ನಾನು ಹೇಳುವುದಿಲ್ಲ. ಸ್ಲ್ಯಾಬು ಮೊದಲಿನಷ್ಟೇ ಕಾಯುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗಿ, ಪ್ಯಾರಾಪೆಟ್ ಸೇರುವಲ್ಲಿ ಬಿರುಕು ಬಿಡುವುದು ನಿಲ್ಲುವುದಿಲ್ಲ. ಮೇಲೆ ಸೋರಿದರೆ ಬೋರ್ಡು ನೆನೆದು ಕಲೆ ಬಿದ್ದ ಮೇಲೆಯೇ ಗೊತ್ತಾಗುವುದು. ಕೋಣೆಯ ಎತ್ತರ ಅರ್ಧ ಅಡಿಗಿಂತ ಜಾಸ್ತಿ ಹೋಗುತ್ತದೆ. ಹತ್ತಡಿ ಎತ್ತರದ ಹಳೇ ಮನೆಗೆ ನಡೆಯುತ್ತದೆ, ಒಂಬತ್ತಡಿಯದ್ದಕ್ಕೆ ಫ್ಯಾನು ತಲೆಯ ಮೇಲೇ ಬಂದ ಹಾಗಾಗುತ್ತದೆ. ರಾಕ್ ವೂಲ್ ಬೆಂಕಿಗೆ ಉರಿಯುವುದಿಲ್ಲ ಅನ್ನುವುದು ನಿಜವಾದ ಗುಣ. ಖರ್ಚು ಉಳಿಸಲು ಅಲ್ಲಿ ಥರ್ಮೋಕೋಲ್ ತುಂಬಿಸುವವರಿದ್ದಾರೆ. ವೈರಿಂಗ್ ಹಾದುಹೋಗುವ ಜಾಗದಲ್ಲಿ ಉರಿಯುವ ವಸ್ತು ಇಡಬೇಡಿ, ಯಾರು ಹೇಳಿದರೂ ಒಪ್ಪಬೇಡಿ.

ಬೆಳ್ಳಿ ಬಣ್ಣದ ಬಬಲ್ ಶೀಟ್ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಅದಕ್ಕೆ ಥರ್ಮಾಮೀಟರ್ ಹಿಡಿದು "ನೋಡ್ರಿ, ಎಷ್ಟು ತಂಪು" ಅಂತ ತೋರಿಸುತ್ತಾರೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಯಂತ್ರ ಸರಿಯಾದ ಅಂಕಿ ತೋರಿಸುವುದಿಲ್ಲ. ಅದಕ್ಕೆ ಕಾಣುವುದು ಎದುರಿನ ವಸ್ತುಗಳ ಪ್ರತಿಬಿಂಬ. ಜೊತೆಗೆ, ಹೊಳೆಯುವ ಮೈಗೆ ಮುಂದೆ ಖಾಲಿ ಗಾಳಿ ಇದ್ದರೆ ಮಾತ್ರ ಅದು ಕೆಲಸ ಮಾಡುವುದು. ಸ್ಲ್ಯಾಬಿಗೆ ಅಂಟಿಸಿ, ಮೇಲೆ ಬೋರ್ಡು ಒತ್ತಿ ಕೂರಿಸಿದರೆ ಹೆಚ್ಚಿನ ಲಾಭವಿಲ್ಲ.

ಕೊನೆಯದು, ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಸ್ಲ್ಯಾಬಿನ ಮೇಲೆ ಎಕ್ಸ್‌ಪಿಎಸ್ ಹಲಗೆ. ಎರಡಿಂಚು ದಪ್ಪ, ಗಟ್ಟಿಯಾದ ಫೋಮ್. ಟಿವಿ ಡಬ್ಬಿಯಲ್ಲಿ ಬರುವ ಬಿಳಿ ಥರ್ಮೋಕೋಲಿನ ಹಾಗೆ ಕಾಳು ಕಾಳಾಗಿ ಉದುರುವುದಿಲ್ಲ, ನೀರು ಹೀರುವುದು ತೀರಾ ಕಮ್ಮಿ. ಕಾಂಕ್ರೀಟು ಎಷ್ಟು ಸಲೀಸಾಗಿ ಶಾಖ ದಾಟಿಸುತ್ತದೆ ಅಂದರೆ, ಈ ಎರಡಿಂಚು ತಡೆಯುವಷ್ಟನ್ನು ಕಾಂಕ್ರೀಟೊಂದೇ ತಡೆಯಬೇಕಾದರೆ ಎಂಟಡಿಗೂ ಹೆಚ್ಚು ದಪ್ಪ ಬೇಕು. ಮನೆಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ, ಅಂದರೆ ಕೇಂದ್ರ ಸರ್ಕಾರದ ಇಂಧನ ಉಳಿತಾಯದ ನಿಯಮಾವಳಿ, ಛಾವಣಿಯ ಯು ಮೌಲ್ಯ 1.2 ಮೀರಬಾರದು ಅನ್ನುತ್ತದೆ. ಯು ಮೌಲ್ಯ ಅಂದರೆ ಛಾವಣಿ ಎಷ್ಟು ಶಾಖ ಒಳಗೆ ಬಿಡುತ್ತದೆ ಅನ್ನುವ ಅಳತೆ. ಬರೀ ಸ್ಲ್ಯಾಬಿನದು 3ಕ್ಕೂ ಮೇಲೆ. ಈ ಹಲಗೆ ಹಾಕಿದರೆ 0.5ರ ಆಸುಪಾಸಿಗೆ ಇಳಿಯುತ್ತದೆ.

ಕೆಲಸ ದೊಡ್ಡದು. ಮೊದಲು ಬಿರುಕು ತುಂಬಿ ವಾಟರ್‌ಪ್ರೂಫಿಂಗ್, ಅದರ ಮೇಲೆ ಹಲಗೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಆಮೇಲೆ ಜಾಲರಿ ಹಾಕಿ ಎರಡಿಂಚು ಕಾಂಕ್ರೀಟು, ನೀರು ಹೋಗುವ ಹಾಗೆ ಇಳಿಜಾರು, ಕೊನೆಗೆ ಬಿಳಿ ಹೆಂಚು ಅಥವಾ ಬಣ್ಣ. ಚದರ ಅಡಿಗೆ 160 ರೂಪಾಯಿ ದಾಟಿತು. ಭಾರವೂ ಬೀಳುತ್ತದೆ. ಎರಡಿಂಚು ಕಾಂಕ್ರೀಟು ಅಂದರೆ ಚದರ ಮೀಟರಿಗೆ 120 ಕೆಜಿಯಷ್ಟು. ಹಳೇ ಸ್ಲ್ಯಾಬಿನ ಕಂಬಿ ಕಾಣುತ್ತಿದ್ದರೆ, ಕೆಳಗೆ ಗಾರೆ ಉದುರುತ್ತಿದ್ದರೆ ಎಂಜಿನಿಯರಿಗೆ ತೋರಿಸದೆ ಇದಕ್ಕೆ ಕೈ ಹಾಕಲೇಬಾರದು.

ಫಲ ಮಾತ್ರ ಬೇರೆಯೇ. ಆ ಕೋಣೆಯ ಸೀಲಿಂಗು ಹಗಲು ರಾತ್ರಿ 34ರ ಹತ್ತಿರ ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ. ಬಿಸಿಲು ಮೇಲೆಯೇ ನಿಂತುಬಿಡುವುದರಿಂದ ಸ್ಲ್ಯಾಬು ನೆರಳಿನಲ್ಲಿಟ್ಟ ಮಣ್ಣಿನ ಗಡಿಗೆಯ ಹಾಗೆ ತಂಪು ಹಿಡಿದಿಡುತ್ತದೆ. ಬೆಳಗಿನ ಜಾವ ಕಿಟಕಿ ತೆರೆದು ತಂಪು ಗಾಳಿ ಬಿಟ್ಟುಕೊಂಡು, ಒಂಬತ್ತಕ್ಕೆ ಮುಚ್ಚಿದರೆ ಮಧ್ಯಾಹ್ನದವರೆಗೆ ಕೂಲರ್ ಬೇಕಾಗುವುದಿಲ್ಲ. ಅವ್ವ ತನ್ನ ಮಂಚವನ್ನು ಆ ಕೋಣೆಗೆ ಹಾಕಿಸಿಕೊಂಡಳು. "ಇಲ್ಲಿ ಫ್ಯಾನ್ ಬಿಸಿ ಗಾಳಿ ಒಗಿಯಂಗಿಲ್ಲ ನೋಡು" ಅಂದಳು. ನನಗೆ ಥರ್ಮಾಮೀಟರಿಗಿಂತ ಆ ಮಾತು ದೊಡ್ಡದು.

ಹಸಿರು ಶೇಡ್ ನೆಟ್ಟನ್ನೂ ಕಟ್ಟಿ ನೋಡಿದೆವು. ನೆರಳು ಚೆನ್ನಾಗಿ ಕೊಡುತ್ತದೆ, ಆದರೆ ಏಪ್ರಿಲ್‌ನ ಬಿರುಗಾಳಿಗೆ ಹರಿಯುತ್ತದೆ. ಮಾಳಿಗೆ ಮೇಲೆ ಮಲಗುವ ಸುಖವೂ ಹೋಗುತ್ತದೆ.

ಹಾಗಾದರೆ ಯಾರಿಗೆ ಯಾವುದು? ಬಾಡಿಗೆ ಮನೆಯವರಿಗೆ, ಕೈಯಲ್ಲಿ ದುಡ್ಡು ಕಮ್ಮಿ ಇರುವವರಿಗೆ ಸುಣ್ಣ, ಎರಡನೇ ಯೋಚನೆ ಬೇಡ. ಸ್ಲ್ಯಾಬಿನಲ್ಲಿ ಸಣ್ಣ ಬಿರುಕಿದ್ದು, ವರ್ಷ ವರ್ಷ ಬಳಿಸಲು ಆಗದವರಿಗೆ ಪೇಂಟು. ಅಪಾರ್ಟ್‌ಮೆಂಟಿನ ಕೊನೇ ಮಹಡಿಯಲ್ಲಿದ್ದು ಮೇಲಿನ ಛಾವಣಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಎಸಿ ಕೋಣೆಗೆ ಮಾತ್ರ ಫಾಲ್ಸ್ ಸೀಲಿಂಗು. ಸ್ವಂತ ಮನೆ, ಹೇಗೂ ವಾಟರ್‌ಪ್ರೂಫಿಂಗ್ ಮಾಡಿಸುವ ಹೊತ್ತು ಬಂದಿದೆ ಅಂದರೆ ಎಕ್ಸ್‌ಪಿಎಸ್. ಆ ಖರ್ಚಿನ ಅರ್ಧ ಹೇಗೂ ಆಗುವುದೇ, ಇನ್ನರ್ಧಕ್ಕೆ ಮುಂದಿನ ಎಷ್ಟೋ ಬೇಸಿಗೆಯ ನಿದ್ದೆ ಸಿಗುತ್ತದೆ. ಮಣ್ಣಿನ ಮಾಳಿಗೆ ಇನ್ನೂ ಉಳಿಸಿಕೊಂಡವರು ದಯವಿಟ್ಟು ಅದನ್ನು ಕೆಡವಬೇಡಿ. ತೊಲೆ ಗಟ್ಟಿಯಿದ್ದರೆ ರಿಪೇರಿ ಮಾಡಿಸಿ.

ಸುಣ್ಣ, ಪೇಂಟು ಯಾವುದೇ ಇರಲಿ, ಶಿವರಾತ್ರಿ ಮುಗಿದ ಕೂಡಲೇ ಶುರು ಮಾಡಿ. ಆಗ ಸಂಜೆಗಳು ಇನ್ನೂ ತಂಪಾಗಿರುತ್ತವೆ, ಬಳಿದದ್ದು ನಿಧಾನಕ್ಕೆ ಆರುತ್ತದೆ, ಗೌಂಡಿಗಳೂ ಸಿಗುತ್ತಾರೆ. ಯುಗಾದಿ ಕಳೆದ ಮೇಲೆ ಊರಿನವರೆಲ್ಲ ಒಟ್ಟಿಗೆ ಕೇಳುತ್ತಾರೆ, ಕೂಲಿಯೂ ಏರಿರುತ್ತದೆ.